ಸುಣ್ಣಕಲ್ಲಿನ ಗುಂಡಿಗೆ ಇಳಿದ ಹೂದೋಟ

ಕಲ್ಲು ತೆಗೆದು ಮುಗಿದ ಮೇಲೆ ಕ್ವಾರಿಯನ್ನು ಏನು ಮಾಡುವುದು? ನಮ್ಮ ಊರುಗಳ ಸುತ್ತ ಸಾಮಾನ್ಯವಾಗಿ ಕಾಣುವುದು ಎರಡೇ ಗತಿ. ಮಳೆನೀರು ನಿಂತು ಮಕ್ಕಳನ್ನು ಹತ್ತಿರ ಬಿಡಲು ಹೆದರುವಂಥ ಹೊಂಡವಾಗುತ್ತದೆ, ಇಲ್ಲವೇ ಕಸದ ಲಾರಿಗಳು ಬಂದು ಅದನ್ನು ತುಂಬಿಸುತ್ತವೆ. ಕೆನಡಾದ ಪಡುವಣ ತುದಿಯ ವ್ಯಾಂಕೂವರ್ ದ್ವೀಪದಲ್ಲಿ ಜೆನ್ನಿ ಬುಚಾರ್ಟ್ ಎಂಬ ಹೆಣ್ಣುಮಗಳು ನೂರು ವರ್ಷಗಳ ಹಿಂದೆಯೇ ಬೇರೊಂದು ದಾರಿ ಹಿಡಿದರು. ಮನೆಯ ಪಕ್ಕದ ಗುಂಡಿಯನ್ನು ಅವರು ಮುಚ್ಚಿಸಲಿಲ್ಲ. ಅದರ ತಳಕ್ಕೇ ತೋಟವನ್ನು ಇಳಿಸಿದರು.

ಗುಂಡಿ ತೋಡಿಸಿದ್ದು ಅವರ ಪತಿ ರಾಬರ್ಟ್ ಪಿಮ್ ಬುಚಾರ್ಟ್. ಒಂಟಾರಿಯೋದಲ್ಲಿ ಸಿಮೆಂಟ್ ತಯಾರಿಕೆಯಲ್ಲಿ ಪಳಗಿದ್ದ ಅವರನ್ನು ಟಾಡ್ ಇನ್ಲೆಟ್ ಎಂಬ ಸಮುದ್ರದ ಕಿರುಚಾಚಿನ ದಂಡೆಗೆ ಕರೆತಂದದ್ದು ಅಲ್ಲಿನ ಸುಣ್ಣಕಲ್ಲು. 1904ರಲ್ಲಿ ಕಾರ್ಖಾನೆಯೂ ಮನೆಯೂ ಅಲ್ಲೇ ನೆಲೆಗೊಂಡವು. ಮನೆಗೆ ಹತ್ತಿರದ ಕ್ವಾರಿ ಕೆಲವೇ ವರ್ಷಗಳಲ್ಲಿ ಬರಿದಾಯಿತು. ಉಳಿದದ್ದು ಸುಮಾರು 50 ಅಡಿ ಆಳದ ಬೂದು ಬಣ್ಣದ ಕುಳಿ, ನೇರ ಗೋಡೆಗಳು, ತಳದಲ್ಲಿ ಒಡೆದ ಕಲ್ಲು.

ಬಂಡೆಯ ಮೇಲೆ ಹೂ ಬೆಳೆಯಬೇಕಾದರೆ ಮೊದಲು ಮಣ್ಣು ಬೇಕು. ಸುತ್ತಲಿನ ಹೊಲಗಳಿಂದ ಕುದುರೆಗಾಡಿಗಳಲ್ಲಿ ಟನ್ನುಗಟ್ಟಲೆ ಮೇಲ್ಮಣ್ಣು ಬಂದು ಕ್ವಾರಿಯ ತಳದಲ್ಲಿ ಹರಡಿಕೊಂಡಿತು. ಸುಣ್ಣಕಲ್ಲಿನ ನೆಲ ಎಂದರೆ ಕ್ಷಾರದ ನೆಲ. ಹುಳಿಮಣ್ಣು ಬೇಡುವ ಗಿಡಗಳು ಅಲ್ಲಿ ಹಳದಿಗಟ್ಟಿ ಸೊರಗುತ್ತವೆ. ಆದ್ದರಿಂದ ಹೊರಗಿನಿಂದ ತಂದ ಮಣ್ಣು ದಪ್ಪವಾಗಿ ಕೂರಬೇಕು. ಇನ್ನು ಆ ಕಡಿದಾದ ಗೋಡೆಗಳು. ಹಡಗಿನ ಕಂಬದ ಕೆಲಸಕ್ಕೆ ನಾವಿಕರು ಕೂರುವಂಥ ಹಲಗೆಯನ್ನು ಹಗ್ಗಕ್ಕೆ ಕಟ್ಟಿಸಿ, ಜೆನ್ನಿ ಸ್ವತಃ ಅದರಲ್ಲಿ ತೂಗಾಡುತ್ತ ಬಂಡೆಯ ಬಿರುಕುಗಳಿಗೆ ಐವಿ ಬಳ್ಳಿ ನಾಟಿದರು. ಈ ತೋಟದ ಬಗ್ಗೆ ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಆ ಹಲಗೆಯ ಮೇಲೆ. ತೋಟಗಾರಿಕೆಯ ಅನುಭವವಿಲ್ಲದೆ ಆರಂಭಿಸಿದವರು ಅವರು. ಕೆಳಗೆ ಕಲ್ಲುನೆಲ, ಕೈಯಲ್ಲಿ ಒಂದು ಎಳೆಬಳ್ಳಿ.

1921ರ ಹೊತ್ತಿಗೆ ಕೆಲಸ ಪೂರ್ಣಗೊಂಡಿತು. ವಿಕ್ಟೋರಿಯಾ ನಗರದಿಂದ ಸುಮಾರು 20 ಕಿಲೋಮೀಟರ್ ಉತ್ತರಕ್ಕಿರುವ ಬುಚಾರ್ಟ್ ಗಾರ್ಡನ್ಸ್‌ನ ಹೃದಯ ಇಂದಿಗೂ ಈ ತಗ್ಗುದೋಟವೇ.

ಅದರ ವಿನ್ಯಾಸದ ಜಾಣ್ಮೆ ಒಂದೆರಡು ನಿರ್ಧಾರಗಳಲ್ಲಿದೆ. ಕ್ವಾರಿಯ ನಡುವೆ ಕೆಲಸಕ್ಕೆ ಬಾರದ ಕಲ್ಲಿನ ದಿಬ್ಬವೊಂದು ಹಾಗೇ ಉಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಒಡೆಸಿ ನೆಲ ಸಮ ಮಾಡಿಸುತ್ತಿದ್ದರೇನೋ. ಇಲ್ಲಿ ಅದಕ್ಕೆ ಮೆಟ್ಟಿಲು ಕೂಡಿಸಿ, ಕಲ್ಲುಸಂದುಗಳಲ್ಲಿ ಗಿಡ ನೆಟ್ಟು, ತೋಟದೊಳಗೇ ಏರಿ ನಿಂತು ನೋಡುವ ಜಾಗ ಮಾಡಿದ್ದಾರೆ. ಅತಿ ಆಳದ ಭಾಗಕ್ಕೆ ನೀರು ತುಂಬಿ ಕೊಳವಾಯಿತು. ಅದರಾಚೆಯ ಇನ್ನೊಂದು ಕುಳಿಯಲ್ಲಿ 1964ರಲ್ಲಿ ಬುಚಾರ್ಟ್ ದಂಪತಿಯ ಮೊಮ್ಮಗ ಇಯಾನ್ ರಾಸ್ ಕಾರಂಜಿ ನಿಲ್ಲಿಸಿದರು. ಅದರ ನೀರು 70 ಅಡಿ ಎತ್ತರಕ್ಕೆ ಚಿಮ್ಮುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಣುವ ಬಗೆ. ಸಮತಟ್ಟಾದ ತೋಟದಲ್ಲಿ ಮುಂದಿನ ಪಾತಿ ಹಿಂದಿನದನ್ನು ಮರೆಮಾಡುತ್ತದೆ. ಇಲ್ಲಿ ಅಂಚಿನಲ್ಲಿ ನಿಂತವರಿಗೆ ಹೂಪಾತಿ, ಹುಲ್ಲುಹಾಸು, ಬಳುಕುವ ಕಾಲುದಾರಿ ಎಲ್ಲವೂ ಹಾಸಿದ ಜಮಖಾನೆಯಂತೆ ಒಮ್ಮೆಗೇ ಕಾಣುತ್ತವೆ. ಮೆಟ್ಟಿಲಿಳಿದು ಒಳಹೊಕ್ಕರೆ ಅವೇ ಹೂಗಳು ಮೊಣಕಾಲಿಗೆ, ಎದೆಗೆ ಬರುತ್ತವೆ, ಗೋಡೆಗಳು ಮೇಲೇಳುತ್ತವೆ. ದೇವಸ್ಥಾನದ ಕಲ್ಯಾಣಿಗೆ ಇಳಿಯುವಾಗ ಮೇಲಿನ ಬೀದಿ ಮರೆಯಾಗಿ ಗಾಳಿ ಸದ್ದಡಗುವುದು ನಮಗೆ ಗೊತ್ತಲ್ಲ, ಹಾಗೆ.

ಆಳ ಗಿಡಗಳಿಗೂ ಅನುಕೂಲವೇ. ಜೋರುಗಾಳಿ ತಲೆಯ ಮೇಲೆ ಹಾದುಹೋಗುತ್ತದೆ, ಬಿಸಿಲಿಗೆ ಕಾದ ಕಲ್ಲುಗೋಡೆ ಸಂಜೆಯಾದ ಮೇಲೂ ಬಿಸುಪು ಕೊಡುತ್ತದೆ. ಆದರೆ ತಣ್ಣನೆಯ ಗಾಳಿ ಭಾರ. ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಅದು ನೀರಿನಂತೆ ಇಳಿದು ತಳದಲ್ಲೇ ಕೂರುತ್ತದೆ. ಹಾಗೆಯೇ ಮಳೆನೀರೂ. ನಮ್ಮಲ್ಲಿ ಯಾರಾದರೂ ಅಂಗಳದಲ್ಲಿ ಎರಡು ಮೂರು ಅಡಿ ತಗ್ಗಿಸಿ ಪುಟ್ಟ ತೋಟ ಮಾಡುವುದಾದರೂ ಮೊದಲು ಯೋಚಿಸಬೇಕಾದ್ದು ಹೂವಿನ ಬಣ್ಣವನ್ನಲ್ಲ, ಮುಂಗಾರಿನ ನೀರು ಎಲ್ಲಿಂದ ಹೊರಹೋಗಬೇಕು ಎಂಬುದನ್ನು. ಜಲ್ಲಿ ತುಂಬಿದ ಕಾಲುವೆಯೋ ಇಂಗುಗುಂಡಿಯೋ ಸಿದ್ಧವಾಗದೆ ಒಂದು ಸಸಿಯನ್ನೂ ಇಳಿಸಬಾರದು. ಈ ಬಗೆಯ ತೋಟವನ್ನು ನಮ್ಮ ದೇಶದಲ್ಲೇ ನೋಡಬೇಕೆನ್ನುವವರು ದೆಹಲಿಯ ರಾಷ್ಟ್ರಪತಿ ಭವನದ ಅಮೃತ ಉದ್ಯಾನಕ್ಕೆ ಹೋಗಬಹುದು. ಅಲ್ಲಿನ ದುಂಡುತೋಟ ಸುತ್ತು ಸುತ್ತಾಗಿ ನಡುವಿನ ಕೊಳದತ್ತ ಇಳಿಯುತ್ತದೆ.

ಬುಚಾರ್ಟ್ ತೋಟದ ಕಥೆಯನ್ನು ಜೆನ್ನಿಯವರ ಬಳ್ಳಿಯಿಂದಲೇ ಆರಂಭಿಸಿದರೆ ಒಂದು ದೊಡ್ಡ ಪಾಲು ಬಿಟ್ಟುಹೋಗುತ್ತದೆ. ಅದು ಸಾನಿಚ್ ಮೂಲನಿವಾಸಿಗಳ ನೆಲ. ಕಲ್ಲು ಒಡೆದು, ಭಟ್ಟಿಯ ಬೆಂಕಿಯ ಎದುರು ಬೆಂದು ಸಿಮೆಂಟ್ ಮಾಡಿದವರಲ್ಲಿ ಚೀನಾದಿಂದ ಬಂದ ಕೂಲಿಗಳಿದ್ದರು. 1906ರಿಂದ ಪಂಜಾಬಿನ ಸಿಖ್ಖರೂ ಇದ್ದರು. ಸಾವಿರಾರು ಮೈಲಿ ಹಡಗಿನಲ್ಲಿ ಬಂದ ಅವರು ದುಡಿದದ್ದು ಧೂಳಿನಲ್ಲಿ, ಬದುಕಿದ್ದು ಕಾರ್ಖಾನೆಯ ಪಕ್ಕದ ಬಿಡಾರಗಳಲ್ಲಿ. ಇಂದು ವರ್ಷಕ್ಕೆ ಲಕ್ಷಾಂತರ ಜನ ಇಣುಕಿ ನೋಡುವ ಈ ಆಳಕ್ಕೆ ಅಂಥ ಕೈಗಳ ದುಡಿಮೆ ಸಂದಿದೆ. 2004ರಲ್ಲಿ ಕೆನಡಾ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿತು. ಇತಿಹಾಸ ಎಂಬ ಆ ಮಾತಿನಲ್ಲಿ ಅವರ ಹೆಸರೂ ಕೇಳಿಸಬೇಕೆಂಬುದು ನನ್ನ ಆಸೆ. ತೋಟದ ಬೇಲಿಯಾಚೆ, ಈಗ ಸಂರಕ್ಷಿತ ಕಾಡಾಗಿರುವ ಟಾಡ್ ಇನ್ಲೆಟ್ ದಂಡೆಯಲ್ಲಿ, ಹಳೆಯ ಕಾಂಕ್ರೀಟಿನ ತುಂಡುಗಳ ಮೇಲೆ ಪಾಚಿ ಬೆಳೆದಿದೆ.

ಕಾರ್ಖಾನೆ ಕಣ್ಣಿಗೆ ಬೀಳದಿರಲಿ ಎಂದು ಜೆನ್ನಿ ಪಾಪ್ಲರ್ ಮರಗಳ ಸಾಲು ನೆಡಿಸಿದ್ದರು. ಸಿಮೆಂಟ್ ತಯಾರಿಕೆ ನಿಂತ ಮೇಲೂ ಅಲ್ಲಿ 1950ರವರೆಗೆ ಹೆಂಚು ಮತ್ತು ಹೂಕುಂಡಗಳು ತಯಾರಾದವು. ಈಗ ಉಳಿದಿರುವುದು ಒಂದೇ ಚಿಮಣಿ. ತಗ್ಗುದೋಟದ ಅಂಚಿನಲ್ಲಿ ನಿಂತು ಕಣ್ಣೆತ್ತಿದರೆ, ಮರಗಳ ನೆತ್ತಿಯಾಚೆ ಅದು ಕಾಣುತ್ತದೆ.