ಕಾರಿನ ಬಣ್ಣವನ್ನು ಉಜ್ಜುವ ಮುನ್ನ ಸ್ಪಂಜನ್ನು ಅರಿಯೋಣ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮಂತಹ ಮಧ್ಯಮ ವರ್ಗದವರಿಗೆ ಮನೆಯ ನಂತರ ಕಾರೇ ದೊಡ್ಡ ಸಾಲ. ಹಲವು ವರ್ಷ ತಿಂಗಳ ಕಂತು ಕಟ್ಟಿ ನಮ್ಮದಾಗಿಸಿಕೊಂಡ ಆ ವಾಹನದ ಅಂದವನ್ನು ಒಂದು ಅಗ್ಗದ ಸ್ಕ್ರಬ್ಬರ್ ಒಂದೇ ಬೆಳಗಿನಲ್ಲಿ ಕೆಡಿಸಬಲ್ಲದೆಂಬುದನ್ನು ನಾವು ಸ್ವಾನುಭವದಿಂದಲೇ ಕಲಿಯಬೇಕಾಯಿತು.

ಮುಂಬಯಿಯಲ್ಲಿ ನಮ್ಮ ಕಾರು ನಿಲ್ಲುವುದು ರೈಲು ಹಳಿಯ ಪಕ್ಕದ ಸೊಸೈಟಿಯ ಅಂಗಳದಲ್ಲಿ. ಒಂದು ಮಳೆಗಾಲ ಕಳೆದ ಮೇಲೆ ಬಾನೆಟ್ಟಿನ ಮೇಲೆ ಸಾಸಿವೆಗಿಂತ ಸಣ್ಣದಾದ ಕಂದು ಚುಕ್ಕೆಗಳು ಕಾಣಿಸಿಕೊಂಡವು. ಶಾಂಪೂ ಹಾಕಿ ತೊಳೆದರೂ ಹೋಗಲಿಲ್ಲ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದ ಮೆಲ್ಲಗೆ ಉಜ್ಜಿದೆವು. ಚುಕ್ಕೆಗಳೇನೋ ಹೋದವು, ಆದರೆ ಬಿಸಿಲು ಬಿದ್ದಾಗ ಬಾನೆಟ್ಟಿನ ತುಂಬ ಗೀರುಗಳು! ದಿನವೂ ಕಾರು ಒರೆಸುವ ಹುಡುಗನನ್ನು ಗದರಿದ್ದೂ ಆಯಿತು. ಗೀರುಗಳು ನಾವು ಉಜ್ಜಿದ ಜಾಗದಲ್ಲಷ್ಟೇ ಇವೆಯೆಂದು ತಿಳಿದಾಗ ತಲೆ ತಗ್ಗಿಸಬೇಕಾಯಿತು. ಆ ಬಳಿಕ ತಿಳಿದುಕೊಂಡ ಸಂಗತಿಗಳನ್ನು ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಅಂಟಿಕೊಳ್ಳುವುದು ಏನು?

ರೈಲಿನ ಗಾಲಿ, ಹಳಿ ಮತ್ತು ಬ್ರೇಕುಗಳ ತಿಕ್ಕಾಟದಿಂದ ಏಳುವ ಕಬ್ಬಿಣದ ಸೂಕ್ಷ್ಮ ಕಣಗಳು ಗಾಳಿಯಲ್ಲಿ ತೇಲಿಬಂದು ಬಣ್ಣದ ಮೇಲೆ ಕೂರುತ್ತವೆ. ತೇವ ತಾಗಿದಾಗ ತುಕ್ಕು ಹಿಡಿದು ಬೇರೂರುತ್ತವೆ. ರಸ್ತೆಯ ಡಾಂಬರು, ಮರದ ಅಂಟು, ಕಟ್ಟಡಗಳಿಗೆ ಬಳಿಯುವ ಬಣ್ಣದ ತುಂತುರು ಇವುಗಳೂ ಹೀಗೆಯೇ ಅಂಟಿಕೊಳ್ಳುತ್ತವೆ. ತೊಳೆದು ಒಣಗಿಸಿದ ಕಾರಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿ ನೋಡಿ. ಮರಳು ಕಾಗದದಂತೆ ತೋರಿದರೆ ಕೊಳೆ ಇನ್ನೂ ಉಳಿದಿದೆ ಎಂದೇ ಅರ್ಥ.

ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಗೀರನ್ನು ಪಾಲಿಶ್ ಮಾಡಿ ಮರೆಸುವುದೆಂದರೆ ಈ ಪದರವನ್ನೇ ಇನ್ನಷ್ಟು ಸವೆಸುವುದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಈ ಖಾತೆಯಿಂದ ಹಣ ತೆಗೆಯಬಹುದೇ ಹೊರತು ಜಮಾ ಮಾಡಲು ಬಾರದು.

ಯಾವುದು ಬೇಡ, ಯಾವುದು ಬೇಕು?

ಅಡುಗೆಮನೆಯ ಹಸಿರು ಸ್ಕ್ರಬ್ಬರಿನ ನಾರಿನಲ್ಲಿ ಉಜ್ಜುವ ಗಟ್ಟಿ ಕಣಗಳಿರುತ್ತವೆ. ಗೋಡೆಯ ಕಲೆ ತೆಗೆಯುವ ಬಿಳಿಯ ಮೆಲಮೈನ್ ಸ್ಪಂಜು ಕೈಗೆ ಮೃದುವೆನಿಸಿದರೂ ಅದು ನವಿರಾದ ಮರಳು ಕಾಗದದಂತೆಯೇ ಕೆಲಸ ಮಾಡುತ್ತದೆ. ಇವೆರಡೂ ಕಾರಿನ ಬಣ್ಣಕ್ಕೆ ಸಲ್ಲವು. ಮಟ್ಟಸ ಮುಖದ ಸಾಮಾನ್ಯ ಸ್ಪಂಜಿನದು ಇನ್ನೊಂದು ತೊಡಕು. ಮರಳಿನ ಕಣಕ್ಕೆ ಒಳಸರಿಯಲು ಜಾಗವಿಲ್ಲದೆ ಅದು ಸ್ಪಂಜಿಗೂ ಬಣ್ಣಕ್ಕೂ ನಡುವೆ ಸಿಕ್ಕಿ ಗೀರುತ್ತದೆ. ಆದ್ದರಿಂದ ತೊಳೆಯಲು ಉದ್ದ ಎಳೆಗಳ ಮೈಕ್ರೋಫೈಬರ್ ಕೈಚೀಲವೇ ಲೇಸು. ಅದರ ಎಳೆಗಳ ನಡುವೆ ಕಣಗಳು ಅಡಗಿ ಬಣ್ಣದಿಂದ ದೂರ ಉಳಿಯುತ್ತವೆ.

ತೊಳೆದರೂ ಹೋಗದ ಕೊಳೆಗೆ ಕ್ಲೇ ಎಂಬ ಜೇಡಿಯಂತಹ ಮುದ್ದೆ, ಅಥವಾ ಅದೇ ಗುಣದ ರಬ್ಬರಿನ ಪದರವುಳ್ಳ ಪ್ಯಾಡ್ ಮತ್ತು ಕೈಚೀಲಗಳು ದೊರೆಯುತ್ತವೆ. ಇವು ಬಣ್ಣದಿಂದ ಮೇಲಕ್ಕೆ ಚಾಚಿರುವ ಕಣವನ್ನು ಹಿಡಿದು ಕೀಳುತ್ತವೆ. ನವಿರು, ಮಧ್ಯಮ, ಒರಟು ಎಂಬ ದರ್ಜೆಗಳಲ್ಲಿ ಮನೆಬಳಕೆಗೆ ನವಿರಾದದ್ದೇ ಸಾಕು. ಒರಟು ದರ್ಜೆಯದು ಮಬ್ಬು ಗೀರುಗಳನ್ನು ಉಳಿಸುವುದರಿಂದ ಬಳಿಕ ಪಾಲಿಶ್ ಅನಿವಾರ್ಯವಾಗುತ್ತದೆ. ಮುದ್ದೆಯನ್ನು ಆಗಾಗ ಮಡಚಿ ಹೊಸ ಮುಖ ಮಾಡಿಕೊಳ್ಳಬಹುದು. ಆದರೆ ನೆಲಕ್ಕೆ ಬಿದ್ದರೆ ಮರಳು ಅದರೊಳಗೆ ಹೂತುಹೋಗುವುದರಿಂದ ಎಸೆಯಲೇಬೇಕು. ಪ್ಯಾಡ್ ಬಿದ್ದರೆ ಚೆನ್ನಾಗಿ ತೊಳೆದು, ಕೊಳೆ ಉಳಿದಿಲ್ಲವೆಂದು ನೋಡಿ ಮತ್ತೆ ಬಳಸಬಹುದು. ಪ್ಯಾಡಿನ ಅನುಕೂಲವೇ ಇದು. ಹೊಸ ಪ್ಯಾಡನ್ನು ಮೊದಲು ಗಾಜಿನ ಮೇಲೆ ನೀರು ಹಾಕಿಕೊಂಡು ಸವರಿ ಹದಗೊಳಿಸುವುದು ಒಳ್ಳೆಯದು.

ಕ್ರಮ ಹೀಗಿರಲಿ

ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ಮೊದಲು ಬರಿಯ ನೀರು ಸುರಿದು ಸಡಿಲ ಧೂಳನ್ನು ಇಳಿಸಬೇಕು. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಕೈಚೀಲ ಜಾಲಿಸಲು ಬರಿಯ ನೀರು ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಕಬ್ಬಿಣದ ಚುಕ್ಕೆಗಳಿದ್ದರೆ ಅದಕ್ಕೆಂದೇ ದೊರೆಯುವ ದ್ರಾವಣವನ್ನು ಸಿಂಪಡಿಸಿದಾಗ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಒಣಗಲು ಬಿಡದೆ ತೊಳೆದುಬಿಡಬೇಕು. ಅದರ ವಾಸನೆ ತೀಕ್ಷ್ಣ; ಕೈಗವಸು ಇರಲಿ. ಹೀಗೆ ಬಹುಪಾಲು ಕೊಳೆ ಉಜ್ಜದೆಯೇ ಕರಗಿದರೆ ಕ್ಲೇಯ ಕೆಲಸ ಹಗುರವಾಗುತ್ತದೆ.

ಅನಂತರ ಮೊಳದಷ್ಟು ಅಗಲದ ಜಾಗವನ್ನು ಶಾಂಪೂ ನೀರಿನಿಂದ ಧಾರಾಳವಾಗಿ ತೋಯಿಸಿ, ಪ್ಯಾಡನ್ನು ಒತ್ತದೆ, ವೃತ್ತಾಕಾರವಾಗಿಯಲ್ಲ, ನೇರವಾಗಿ ಹಿಂದೆ ಮುಂದೆ ಜಾರಿಸಬೇಕು. ಮೊದಲಿಗೆ ತಡೆದಂತಾಗಿ ಸದ್ದು ಬರುತ್ತದೆ. ಸದ್ದು ಅಡಗಿ ಪ್ಯಾಡ್ ಸಲೀಸಾಗಿ ಜಾರಿದರೆ ಆ ಜಾಗ ಶುಚಿಯಾಯಿತೆಂದು ತಿಳಿಯಬೇಕು. ಒಣ ಬಣ್ಣದ ಮೇಲೆ ಮಾತ್ರ ಎಂದಿಗೂ ಎಳೆಯಕೂಡದು. ಕ್ಲೇ ಮಾಡಿದಾಗ ಹಳೆಯ ಮೇಣದ ಲೇಪವೂ ಹೋಗುವುದರಿಂದ ಕೊನೆಯಲ್ಲಿ ಮೇಣ ಹಚ್ಚಬೇಕು. ವರ್ಷಕ್ಕೆ ಒಂದೆರಡು ಬಾರಿ, ಅದೂ ಚೀಲದ ಪರೀಕ್ಷೆಯಲ್ಲಿ ಒರಟು ತೋರಿದರಷ್ಟೇ ಇದನ್ನು ಮಾಡಿದರೆ ಸಾಕು. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರುಗಳಿಗೆ ಕ್ಲೇ ಬೇಡವೇ ಬೇಡ.

ಕಡೆಯದಾಗಿ ಒಂದು ಮಾತು. ನಮ್ಮ ಸೊಸೈಟಿಯ ಹುಡುಗ ಬೆಳಗಾಗುವುದರೊಳಗೆ ಸಾಲು ಸಾಲು ಕಾರುಗಳನ್ನು ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಒರೆಸುತ್ತಾನೆ. ಆ ಬಟ್ಟೆ ನಾವೇ ಕೊಟ್ಟ ಹಳೆಯ ಬನಿಯನ್ನು. ಒಂದು ಕಾರಿನ ಮರಳು ಇನ್ನೊಂದಕ್ಕೆ ಗೀರೆಳೆದರೆ ಅದರ ಹೊಣೆ ಅವನ ಮೇಲೆ ಹೊರಿಸುವುದು ನ್ಯಾಯವೆ? ನಾವು ಅವನಲ್ಲಿ ತಪ್ಪೊಪ್ಪಿಕೊಂಡು, ನಮ್ಮ ಕಾರಿಗೆಂದೇ ಎರಡು ಕೈಚೀಲ, ಎರಡು ಬಕೆಟ್ ತೆಗೆದಿಟ್ಟೆವು. ಒಣಧೂಳನ್ನು ಒರೆಸುವುದು ಬೇಡ, ವಾರಕ್ಕೊಮ್ಮೆ ನೀರು ಹಾಕಿ ತೊಳೆದರೆ ಸಾಕೆಂದು ತಿಳಿಸಿ, ತಿಂಗಳ ಹಣವನ್ನು ಮೊದಲಿನಷ್ಟೇ ಕೊಡುತ್ತಿದ್ದೇವೆ. ಬಾನೆಟ್ಟಿನ ಹಳೆಯ ಗೀರುಗಳು ಬಿಸಿಲಿನಲ್ಲಿ ಇಂದಿಗೂ ಕಾಣುತ್ತವೆ. ಹೊಸವು ಮಾತ್ರ ಸೇರಿಲ್ಲ.