ಸಂಶೋಧನೆಯ ಪ್ರಶ್ನೆಯನ್ನು ರೂಪಿಸುವ ಬಗೆ: ವರ್ತನಾ ಅರ್ಥಶಾಸ್ತ್ರದ ಗುಂಪು ಅಧ್ಯಯನವನ್ನು ಕುರಿತು

ಕೊಳ್ಳುವಾಗ, ಮಾರುವಾಗ, ಸಾಲ ಮಾಡುವಾಗ, ಉಳಿಸುವಾಗ ಮನುಷ್ಯನು ವಾಸ್ತವವಾಗಿ ಹೇಗೆ ನಿರ್ಧರಿಸುತ್ತಾನೆಂಬುದನ್ನು ವಿಚಾರಿಸುವುದು ವರ್ತನಾ ಅರ್ಥಶಾಸ್ತ್ರದ ಕೆಲಸ. ಮನುಷ್ಯನ ಎಣಿಕೆಯ ಶಕ್ತಿಗೂ ಅವನಿಗೆ ದೊರೆಯುವ ತಿಳಿವಳಿಕೆಗೂ ಮಿತಿಯುಂಟೆಂಬುದನ್ನು ಹರ್ಬರ್ಟ್ ಸೈಮನ್ 1955ರಲ್ಲಿ ಪ್ರತಿಪಾದಿಸಿದರು. ಲಾಭನಷ್ಟಗಳನ್ನು ಮನಸ್ಸು ಯಾವುದೋ ಒಂದು ಆಧಾರಬಿಂದುವಿನಿಂದ ಅಳೆಯುತ್ತದೆಂಬುದನ್ನೂ, ಲಾಭದ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟದ ನೋವು ಹೆಚ್ಚೆಂಬುದನ್ನೂ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿದರು. ಇತಿಹಾಸವನ್ನು ಬೋಧಿಸುವ ನಾವು ಈ ಸಿದ್ಧಾಂತಗಳನ್ನು ವಿವರಿಸಲು ಹೊರಟಿಲ್ಲ. ವಿದ್ಯಾರ್ಥಿಗಳು ಗುಂಪಾಗಿ ಕೈಗೊಳ್ಳುವ ಅಧ್ಯಯನಕ್ಕೆ ತಕ್ಕ ಪ್ರಶ್ನೆಯನ್ನು ರೂಪಿಸುವುದು ಹೇಗೆಂಬುದಷ್ಟೇ ಇಲ್ಲಿ ನಮ್ಮ ವಿಷಯ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ಬಂದ ವಿದ್ಯಾರ್ಥಿಗಳ ಗುಂಪೊಂದು ಮೊದಲು ಬರೆದು ತಂದ ಪ್ರಶ್ನೆ ಇದು: “ಚನ್ನಗಿರಿಯ ಅಡಿಕೆ ಬೆಳೆಗಾರರು ಒಳ್ಳೆಯ ಬೆಲೆಗಾಗಿ ಕಾಯುತ್ತಾರೆ, ಜಗಳೂರಿನ ರೈತರು ಕೊಯ್ಲಾದೊಡನೆ ಮೆಕ್ಕೆಜೋಳವನ್ನು ಮಾರಿಬಿಡುತ್ತಾರೆ. ಜಗಳೂರಿನವರಿಗೆ ತಾಳ್ಮೆ ಏಕಿಲ್ಲ?” ಮೊದಲ ಓದಿಗೆ ನಾವೂ ಅದನ್ನು ಒಪ್ಪಿದೆವು. ಆದರೆ ಗುಂಪಿನಲ್ಲಿದ್ದ ಜಗಳೂರು ಕಡೆಯ ಹುಡುಗನೊಬ್ಬನು, “ಸರ್, ನಮ್ಮ ತಂದೆಯವರೂ ಕಣದಿಂದಲೇ ಮಾರುತ್ತಾರೆ. ತಾಳ್ಮೆ ಇಲ್ಲವೆಂದಲ್ಲ, ಇಡಲು ಜಾಗವಿಲ್ಲ, ಸಾಲ ಕೊಟ್ಟವರು ಕಾಯುವುದಿಲ್ಲ” ಎಂದನು. ಆ ಒಂದು ಮಾತಿನಿಂದ ಪ್ರಶ್ನೆಯ ದೋಷ ಹೊರಬಿದ್ದಿತು. ಉತ್ತರವನ್ನು ನಾವು ಪ್ರಶ್ನೆಯೊಳಗೇ ಹುದುಗಿಸಿಟ್ಟಿದ್ದೆವು. ಆ ಉತ್ತರವು ಒಂದು ಊರಿನ ಜನರ ಮೇಲೆ ಹೊರಿಸಿದ ಆರೋಪವೂ ಆಗಿದ್ದಿತು.

ಇಂತಹ ಪ್ರಶ್ನೆಗಳು ಇತಿಹಾಸಕ್ಕೆ ಹೊಸವಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ವಿರುದ್ಧ ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟರು. ರೈತನ ಸಾಲಕ್ಕೆ ಮದುವೆ ಮತ್ತು ಹಬ್ಬಗಳ ದುಂದುವೆಚ್ಚವೇ ಕಾರಣವೆಂಬುದು ಅಂದು ಬಳಕೆಯಲ್ಲಿದ್ದ ಮಾತು. ದಂಗೆಯನ್ನು ವಿಚಾರಿಸಲು ನೇಮಕವಾದ ಆಯೋಗವೇ ಈ ಕಾರಣಕ್ಕೆ ಸಲ್ಲದ ಪ್ರಾಧಾನ್ಯ ದೊರೆತಿದೆಯೆಂದು ಹೇಳಬೇಕಾಯಿತು. ‘ರೈತನು ಏಕೆ ದುಂದುಗಾರ?’ ಎಂದು ಕೇಳಿದವನಿಗೆ ದುಂದೇ ಕಾಣುತ್ತದೆ. ‘ಸಾಲವನ್ನು ಯಾವಾಗ, ಯಾರಿಂದ, ಯಾವುದಕ್ಕಾಗಿ ತಂದನು?’ ಎಂದು ಕೇಳಿದವನಿಗೆ ಕಂದಾಯದ ಗಡುವು, ಬಡ್ಡಿ, ಮಳೆ ಇವೆಲ್ಲವೂ ಕಾಣುತ್ತವೆ.

ಆದುದರಿಂದ ಮೊದಲನೆಯ ನಿಯಮವೆಂದರೆ, ಸಂದರ್ಭದಿಂದ ಹುಟ್ಟುವ ವ್ಯತ್ಯಾಸವನ್ನು ಮನಸ್ಸಿಗೆ ಆರೋಪಿಸಬಾರದು. ಭದ್ರಾ ನಾಲೆಯ ನೀರು ಚನ್ನಗಿರಿ, ಹೊನ್ನಾಳಿ ಕಡೆಯ ಹಲವು ಊರುಗಳಿಗೆ ಹರಿಯುತ್ತದೆ. ಜಗಳೂರು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ಬೇಯಿಸಿ ಒಣಗಿಸಿದ ಅಡಿಕೆಯನ್ನು ತಿಂಗಳುಗಟ್ಟಲೆ ಇಡಬಹುದು. ತೇವ ಉಳಿದ ಮೆಕ್ಕೆಜೋಳ ಬೇಗ ಕೆಡುತ್ತದೆ. ಆಡಳಿತದ ಚರಿತ್ರೆಯನ್ನೂ ಮರೆಯಲಾಗದು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದುವು. ನ್ಯಾಮತಿಯಾದರೋ ಹೊನ್ನಾಳಿ ತಾಲ್ಲೂಕಿನ ಭಾಗವಾಗಿದ್ದಿತು. ಇದನ್ನರಿಯದೆ ಹಳೆಯ ಅಂಕಿಅಂಶಗಳನ್ನು ಹೋಲಿಸಿದರೆ ತಪ್ಪು ತೀರ್ಮಾನ ತಪ್ಪದು.

ಎರಡನೆಯ ನಿಯಮ ಹೋಲಿಕೆಗೆ ಸಂಬಂಧಿಸಿದುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕೊಯ್ಲಿನ ಮುಂಚೆ ಕೈ ಬರಿದಾಗಿದ್ದಾಗಲೂ, ಕೊಯ್ಲಿನ ಅನಂತರ ಹಣ ಬಂದಾಗಲೂ ಪರೀಕ್ಷಿಸಲಾಯಿತು. ಯೋಚನಾಶಕ್ತಿಯನ್ನಳೆಯುವ ಪರೀಕ್ಷೆಗಳಲ್ಲಿ ಕೊಯ್ಲಿನ ಮುಂಚೆ ಅವರ ಸಾಧನೆ ಕಡಮೆಯಾಗಿದ್ದಿತು. ತೀರ್ಮಾನವನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಆದರೂ ಪ್ರಶ್ನೆಯ ರಚನೆ ಗಮನಾರ್ಹವಾದುದು. ಬಡವನನ್ನು ಸಿರಿವಂತನೊಡನೆ ಹೋಲಿಸದೆ, ಒಬ್ಬನೇ ರೈತನನ್ನು ಎರಡು ಕಾಲಗಳಲ್ಲಿ ಹೋಲಿಸಿದುದರಿಂದ, ಅವನ ಹುಟ್ಟುಗುಣವೇ ಕಾರಣವೆನ್ನಲು ಎಡೆಯುಳಿಯಲಿಲ್ಲ.

ಮೂರನೆಯದಾಗಿ, ನಮ್ಮ ಊಹೆಯನ್ನು ಸುಳ್ಳಾಗಿಸಬಲ್ಲ ಉತ್ತರಕ್ಕೂ ಪ್ರಶ್ನೆಯಲ್ಲಿ ಸ್ಥಳವಿರಬೇಕು. ಈ ದೃಷ್ಟಿಯಿಂದ ಗುಂಪಿನವರು ತಮ್ಮ ಪ್ರಶ್ನೆಯನ್ನು ಹೀಗೆ ತಿದ್ದಿದರು: “ಒಂದೇ ಊರಿನಲ್ಲಿ, ಒಂದೇ ಬೆಳೆಯನ್ನು ಬೆಳೆದು, ಅದನ್ನು ಇಡಲು ಜಾಗವೂ ಉಳ್ಳವರ ಪೈಕಿ, ಹಿಂದೆ ತಮಗೆ ದೊರೆತ ಹೆಚ್ಚಿನ ಬೆಲೆಯನ್ನು ಆಧಾರವಾಗಿಟ್ಟುಕೊಂಡವರು ಉಳಿದವರಿಗಿಂತ ತಡವಾಗಿ ಮಾರುತ್ತಾರೆಯೆ?” ತಡಕ್ಕೆ ನೆನಪಿನ ಬೆಲೆ ಕಾರಣವಾಗಿರದೆ, ಹಣದ ಅವಸರ ಇಲ್ಲದಿರುವುದೇ ಕಾರಣವಾಗಿದ್ದರೆ, ಸಾಲದ ಕಂತಿನ ದಿನವನ್ನೂ ಕೇಳಿದಾಗ ಅದು ತಿಳಿದುಬರುತ್ತದೆ. ನೆನಪು ಜಾರುವಂತಹುದು, ಆದ್ದರಿಂದ ಬಾಯಿಮಾತಿನೊಡನೆ ಮಾರಾಟದ ರಸೀದಿಯನ್ನೂ ನೋಡತಕ್ಕುದು.

ನಾಲ್ಕು ತಾಲ್ಲೂಕುಗಳಲ್ಲಿಯೂ ಒಂದೇ ರೀತಿಯಲ್ಲಿ ಕೇಳಬಹುದಾದ ಪ್ರಶ್ನೆ ಬೇಕೆನ್ನುವವರಿಗೆ ಬೆಳೆವಿಮೆ ಒಳ್ಳೆಯ ವಸ್ತು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ಬೆಳೆಸಾಲ ಪಡೆದವರಿಗೆ ಮೊದಲು ಕಡ್ಡಾಯವಾಗಿದ್ದಿತು. 2020ರ ಮುಂಗಾರಿನಿಂದ ಅದು ಐಚ್ಛಿಕವಾಯಿತು. ಆದರೆ ಬೇಡವೆನ್ನುವ ಸಾಲಗಾರನು ಗಡುವಿಗೆ ಮುಂಚೆ ಬ್ಯಾಂಕಿಗೆ ಹಾಗೆಂದು ಬರೆದುಕೊಡಬೇಕು. ‘ರೈತರಿಗೆ ವಿಮೆಯಲ್ಲಿ ನಂಬಿಕೆ ಇದೆಯೆ?’ ಎಂಬ ಪ್ರಶ್ನೆ ಬಲು ವಿಶಾಲ. ‘ವಿಮೆಯಲ್ಲಿ ಉಳಿದ ಸಾಲಗಾರರಲ್ಲಿ, ಬೇಡವೆನ್ನಬಹುದೆಂದು ತಿಳಿದಿದ್ದವರು ಎಷ್ಟು ಮಂದಿ?’ ಎಂಬುದು ಅಳೆಯಬಹುದಾದ ಪ್ರಶ್ನೆ. ತಿಳಿದೂ ಉಳಿದಿದ್ದರೆ ಅದು ಆಯ್ಕೆ. ತಿಳಿಯದೆ ಉಳಿದಿದ್ದರೆ ಅದು ನಿಯಮದ ಬಲವೇ ಹೊರತು ನಂಬಿಕೆಗೆ ಸಾಕ್ಷಿಯಲ್ಲ.

ಕಡೆಯದಾಗಿ ಒಂದು ಪರೀಕ್ಷೆಯನ್ನು ಸೂಚಿಸಬಯಸುತ್ತೇವೆ. ಪ್ರಶ್ನಾವಳಿಯನ್ನು ಅಚ್ಚಿಗೆ ಕೊಡುವ ಮುಂಚೆ ಗುಂಪಿನ ಪ್ರತಿಯೊಬ್ಬರೂ ಅದನ್ನು ತಮ್ಮ ಮನೆಯ ಹಿರಿಯರ ಎದುರಿಗೆ ಕುಳಿತು ಓದಲಿ. ಅವರ ಮುಖ ನೋಡಿ ಕೇಳಲಾರದ ಪ್ರಶ್ನೆಯನ್ನು ಪರರ ಮನೆಯ ಬಾಗಿಲಲ್ಲಿ ನಿಂತು ಕೇಳುವುದು ಸಲ್ಲದು. ಜಗಳೂರಿನ ಆ ಹುಡುಗನು ಅಂದು ಸುಮ್ಮನಿದ್ದಿದ್ದರೆ, ನಮ್ಮ ಪೂರ್ವಗ್ರಹವೇ ಸಂಶೋಧನೆಯ ಫಲವೆಂಬ ಹೆಸರಿನಲ್ಲಿ ಪ್ರಕಟವಾಗುತ್ತಿದ್ದಿತು.