ಹಳೆಯ ಜೀಪು ಕೊಳ್ಳುವ ಮುನ್ನ ಗಮನಿಸಬೇಕಾದ ಯಾಂತ್ರಿಕ ಅಂಶಗಳು

ಪದ್ಮನಾಭನಗರ, ಕತ್ರಿಗುಪ್ಪೆ, ಬನಶಂಕರಿ ಸುತ್ತಮುತ್ತ ಕಚೇರಿ ಇಟ್ಟುಕೊಂಡು ಕನಕಪುರ, ಚಾಮರಾಜನಗರ ಕಡೆಯ ಕಲ್ಲುಗಣಿಗಳೊಡನೆ ವ್ಯವಹರಿಸುವ ಗ್ರಾನೈಟ್ ವರ್ತಕರಿಗೂ, ಕೊಡಗು, ಸಕಲೇಶಪುರದ ಕಾಫಿ ತೋಟಗಳಿಗೆ ಪಂಪು, ಪೈಪುಗಳನ್ನು ಪೂರೈಸುವ ಸಣ್ಣ ತಯಾರಕರಿಗೂ ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ವಾಹನ ವಿಲಾಸದ ವಸ್ತುವಲ್ಲ. ಹೊಸ ವಾಹನದ ಬೆಲೆ ಭಾರವೆನಿಸಿದಾಗ 2010ರಿಂದ 2020ರವರೆಗಿನ ಮೊದಲ ಪೀಳಿಗೆಯ ಥಾರ್, ಬೊಲೆರೊ ಕ್ಯಾಂಪರ್ ಅಥವಾ 1985ರಲ್ಲಿ ಬಂದು ಈಗ ಮಾರಾಟದಿಂದ ಮರೆಯಾಗಿರುವ ಮಾರುತಿ ಜಿಪ್ಸಿಯತ್ತ ಅವರ ದೃಷ್ಟಿ ಹರಿಯುವುದು ಸಹಜ. ಆದರೆ ಸಾಮಾನ್ಯ ಕಾರನ್ನು ಪರೀಕ್ಷಿಸುವ ಕ್ರಮದಲ್ಲಿಯೇ ಇಂತಹ ವಾಹನವನ್ನು ಪರೀಕ್ಷಿಸಿದರೆ ನಷ್ಟ ಖಚಿತ.

ಮೊದಲನೆಯದಾಗಿ, ಓಡಿದ ಕಿಲೋಮೀಟರುಗಳ ಅಂಕಿಗೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ. ಕೆಎ-12 ಅಥವಾ ಕೆಎ-46 ನೋಂದಣಿಯ ತೋಟದ ಜೀಪೊಂದು 40,000 ಕಿ.ಮೀ. ಮಾತ್ರ ಓಡಿರಬಹುದು, ಆದರೆ ಅದರ ಬಹುಪಾಲು ಕೆಳಗೇರಿನಲ್ಲಿ, ಹೊರೆ ಹೊತ್ತು, ಕೆಸರಿನಲ್ಲಿ ಏರಿದ ದೂರ. ಹೆದ್ದಾರಿಯಲ್ಲಿ ಲಕ್ಷ ಕಿ.ಮೀ. ಓಡಿದ ವಾಹನ ಇದಕ್ಕಿಂತ ಉತ್ತಮ ಸ್ಥಿತಿಯಲ್ಲಿರುವುದು ಅಪರೂಪವೇನಲ್ಲ. ಆದುದರಿಂದ ವಾಹನ ಎಷ್ಟು ಓಡಿದೆ ಎಂಬುದಕ್ಕಿಂತ ಎಲ್ಲಿ ಓಡಿದೆ ಎಂಬುದನ್ನು ವಿಚಾರಿಸತಕ್ಕದ್ದು.

ತಪಾಸಣೆಯನ್ನು ಎಂಜಿನ್ನಿನಿಂದಲ್ಲ, ಚಾಸಿಯಿಂದ ಆರಂಭಿಸುವುದು ಲೇಸು. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು. ಬಾಗಿದ ಚಾಸಿಯನ್ನು ಮೊದಲಿನ ಸ್ಥಿತಿಗೆ ತರುವುದು ದುಸ್ಸಾಧ್ಯ. ವಾಹನವನ್ನು ಗ್ಯಾರೇಜಿನ ಲಿಫ್ಟಿನ ಮೇಲೇರಿಸಿ, ಟಾರ್ಚು ಹಿಡಿದು, ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗ, ಪ್ಲೇಟ್ ಸ್ಪ್ರಿಂಗುಗಳ ಕೊಂಡಿಗಳು, ಅಡ್ಡತೊಲೆಗಳ ಬೆಸುಗೆ ಇವನ್ನು ನಿಧಾನವಾಗಿ ನೋಡಬೇಕು. ಕಾರ್ಖಾನೆಯ ಬೆಸುಗೆ ಏಕರೂಪವಾಗಿರುತ್ತದೆ. ಉಬ್ಬುತಗ್ಗಿನ ಬೆಸುಗೆ ಕಂಡುಬಂದರೆ ಅಲ್ಲಿ ಹಿಂದೊಮ್ಮೆ ಬಿರುಕು ಬಿಟ್ಟಿತ್ತೆಂದು ತಿಳಿಯಬೇಕು. ತಳಭಾಗಕ್ಕೆ ಮಾತ್ರ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷಪಡುವ ಬದಲು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುವುದು ಒಳ್ಳೆಯದು. ತುಕ್ಕು ತಿಂದ ತಗಡಿನ ಸದ್ದು ಮಂಕಾಗಿರುತ್ತದೆ.

ಆನಂತರ ನಾಲ್ಕು ಚಕ್ರ ಚಾಲನೆಯ ಪರೀಕ್ಷೆ. ಹೆಚ್ಚಿನ ಖರೀದಿದಾರರು ಎಡವುವುದು ಇಲ್ಲಿಯೇ. ಮೇಲೆ ಹೇಳಿದ ವಾಹನಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಒಣಗಿದ ಡಾಂಬರಿನ ಮೇಲೆ ಚಕ್ರ ಜಾರಲು ಅವಕಾಶವಿಲ್ಲದ ಕಾರಣ ಆ ವ್ಯತ್ಯಾಸವೆಲ್ಲ ಒತ್ತಡವಾಗಿ ಗೇರುಗಳ ಮೇಲೆ ಬೀಳುತ್ತದೆ. ಹೀಗಾಗಿ ಈ ಪರೀಕ್ಷೆಯನ್ನು ಹೊರವರ್ತುಲ ರಸ್ತೆಯಲ್ಲಿ ಮಾಡತಕ್ಕದ್ದಲ್ಲ. ಸಡಿಲ ಮಣ್ಣು ಬೇಕು. ಹತ್ತಿರವಿದೆಯೆಂದು ತುರಹಳ್ಳಿ ಅರಣ್ಯಕ್ಕೆ ಒಯ್ಯುವುದೂ ಸಲ್ಲದು. ಕನಕಪುರ ರಸ್ತೆಯಾಚೆ ಪರಿಚಿತರ ಜಮೀನಿದ್ದರೆ ಸಾಕು. ಅಲ್ಲಿ ಮೇಲ್ಗೇರು ಮತ್ತು ಕೆಳಗೇರು ಎರಡನ್ನೂ ಹಾಕಿ, ಏರಿನಲ್ಲಿ ಹೊರೆ ಬಿದ್ದಾಗ ಲಿವರು ತಾನಾಗಿಯೇ ಹೊರಬರುವುದೇ ಎಂಬುದನ್ನು ನೋಡಬೇಕು. ಹೊರಬಂದರೆ ಟ್ರಾನ್ಸ್‌ಫರ್ ಕೇಸಿನ ಒಳಭಾಗ ಸವೆದಿರುವ ಸಂಭವ ಹೆಚ್ಚು. ಹೊರಡುವಾಗ ಅಥವಾ ಗೇರು ಬದಲಿಸುವಾಗ ಕೆಳಗಿನಿಂದ ‘ಠಣ್’ ಎಂಬ ಸದ್ದು ಕೇಳಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟು ಸವೆದಿರಬಹುದು; ಇದು ಸಣ್ಣ ದುರಸ್ತಿ, ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ ಸುಲಭವಾಗಿ ದೊರೆಯುತ್ತದೆ. ಎರಡು ದೋಷಗಳಿಗೂ ಒಂದೇ ತೂಕ ಕೊಡಬಾರದು.

ಟೈರುಗಳು ನಾಲ್ಕೂ ಒಂದೇ ಅಳತೆಯವಾಗಿರಬೇಕು. ವ್ಯಾಸದಲ್ಲಿ ವ್ಯತ್ಯಾಸವಿದ್ದರೆ ನೇರ ದಾರಿಯಲ್ಲೂ ಮೇಲಿನ ಒತ್ತಡವೇ ಉಂಟಾಗುತ್ತದೆ. ಟೈರಿನ ಬದಿಯಲ್ಲಿ ‘3219’ ಎಂದಿದ್ದರೆ ಅದು 2019ರ 32ನೆಯ ವಾರದಲ್ಲಿ ತಯಾರಾದುದೆಂದು ಅರ್ಥ.

ಹೊಳೆ ದಾಟಿದ ವಾಹನವನ್ನು ಗುರುತಿಸುವುದು ಕಷ್ಟವಲ್ಲ. ಡಿಫರೆನ್ಷಿಯಲ್ಲಿನ ಎಣ್ಣೆಯ ಬಿರಡೆ ತೆಗೆಸಿ ಒಂದಿಷ್ಟು ಎಣ್ಣೆ ಹೊರತೆಗೆಸಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ. ಲೋಹದ ಚೂರುಗಳಿದ್ದರೆ ಗೇರಿನ ಹಲ್ಲು ಹೋಗಿದೆ. ನೆಲಹಾಸಿನ ಅಡಿಯ ಒಣಕೆಸರು, ಆಸನದ ಬೋಲ್ಟುಗಳ ತುಕ್ಕು, ದೀಪದೊಳಗಿನ ನೀರಿನ ಕಲೆ ಇವೂ ಅದೇ ಕಥೆಯನ್ನು ಹೇಳುತ್ತವೆ.

ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಖರೀದಿದಾರ ಬರುವ ಮೊದಲೇ ಬಾನೆಟ್ ಬಿಸಿಯಾಗಿದ್ದರೆ ಮತ್ತೊಂದು ದಿನ ಹೋಗುವುದು ಮೇಲು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ, ಬಿಸಿಯಾದ ನಂತರವೂ ನಿಲ್ಲದ ದಟ್ಟ ಬಿಳಿ ಹೊಗೆ ಕೂಲಂಟ್ ಒಳಸೇರುತ್ತಿರುವುದರ ಲಕ್ಷಣವಾಗಿರಬಹುದು. ಕ್ಲಚ್ಚಿನ ಪರೀಕ್ಷೆ ಸುಲಭ: ಹ್ಯಾಂಡ್‌ಬ್ರೇಕ್ ಬಿಗಿದು, ಮೂರನೆಯ ಗೇರಿನಲ್ಲಿ ನಿಧಾನವಾಗಿ ಕ್ಲಚ್ ಬಿಟ್ಟಾಗ ಎಂಜಿನ್ ನಿಂತುಹೋಗಬೇಕು, ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ.

ಮಾರ್ಪಾಡುಗಳ ವಿಷಯದಲ್ಲಿ ಎಚ್ಚರ ಅಗತ್ಯ. ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಎತ್ತರಿಸಿದ ಸಸ್ಪೆನ್ಷನ್, ಬದಲಿಸಿದ ಎಂಜಿನ್ ಇವು ಅಪಘಾತದ ನಂತರ ವಿಮೆಯ ತಕರಾರಿಗೂ ದಾರಿ ಮಾಡಬಲ್ಲವು. ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ನೋಂದಣಿ ಪತ್ರದೊಡನೆ ತಾಳೆ ನೋಡತಕ್ಕದ್ದು.

ಇನ್ನು ಲೆಕ್ಕದ ಮಾತು. ಮಾರಾಟಗಾರ ₹5,50,000 ಕೇಳುತ್ತಾನೆ, ಮೆಕ್ಯಾನಿಕ್ ಕ್ಲಚ್, ಕ್ರಾಸ್, ಬ್ರೇಕ್, ಟೈರುಗಳಿಗೆಂದು ₹90,000 ಪಟ್ಟಿ ಮಾಡುತ್ತಾನೆ ಎಂದಿಟ್ಟುಕೊಳ್ಳೋಣ. ‘ಕೊಂಡ ಮೇಲೆ ದುರಸ್ತಿ ಖಾತೆಗೆ ಹಾಕಿದರಾಯಿತು’ ಎಂಬ ಸಮಾಧಾನ ತಪ್ಪು. ಹಳೆಯ ಆಸ್ತಿಯನ್ನು ಬಳಕೆಗೆ ಯೋಗ್ಯವಾಗಿಸಲು ಮೊದಲಿಗೆ ಮಾಡುವ ವೆಚ್ಚ ಬಂಡವಾಳ ವೆಚ್ಚವಾಗಿ ಅದರ ಬೆಲೆಗೆ ಸೇರುತ್ತದೆ. ಶೇ. 15ರ ದರದಲ್ಲಿ ಮೊದಲ ವರ್ಷ ದೊರೆಯುವ ಸವಕಳಿ ₹13,500 ಮಾತ್ರ. ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ₹6,750. ಆದುದರಿಂದ ಮೆಕ್ಯಾನಿಕ್‌ನ ಪಟ್ಟಿಯನ್ನು ಮುಂಗಡ ಕೊಡುವ ಮೊದಲೇ ಮೇಜಿನ ಮೇಲಿಟ್ಟು ಬೆಲೆ ಇಳಿಸಿಕೊಳ್ಳಬೇಕು. ನಗದು ಕೊಟ್ಟರೆ ಸ್ವಲ್ಪ ಇಳಿಸುತ್ತೇನೆಂಬ ಮಾತಿಗೂ ಮಣಿಯಬಾರದು. ಒಂದು ದಿನದಲ್ಲಿ ಒಬ್ಬರಿಗೆ ₹10,000 ಮೀರಿ ನಗದಾಗಿ ಕೊಟ್ಟ ಮೊತ್ತಕ್ಕೆ ಸವಕಳಿಯೇ ಇಲ್ಲ. ಮಾರಾಟಗಾರ ಜಿ.ಎಸ್.ಟಿ. ನೋಂದಾಯಿತ ಸಂಸ್ಥೆಯಾಗಿದ್ದರೆ 2025ರ ಜನವರಿ 16ರಿಂದ ಲಾಭಾಂಶದ ಮೇಲೆ ಶೇ. 18 ತೆರಿಗೆ ಬರುತ್ತದೆ. ಅದು ಒಪ್ಪಿದ ಬೆಲೆಯಲ್ಲಿ ಸೇರಿದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು.

ಬ್ಯಾಂಕಿನ ಸಾಲವಿದ್ದ ವಾಹನವಾದರೆ ನಮೂನೆ 35, ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30 ಸಹಿಯಾಗಿ ಕೈಸೇರಿದ ಬಳಿಕವೇ ಉಳಿದ ಹಣ ಪಾವತಿಸತಕ್ಕದ್ದು. ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಬೇಕು.